ಅಕ್ಕನ ಪರವಾಗಿ ಒಂದು ಮಾತು

ಸಾತಲಿಂಗಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಸೊಲ್ಲಾಪುರದ ಪೇಟೆಯಲ್ಲಿ ಮೂವತ್ತು ವರ್ಷ ಚಾದರ ಮಾರಿದವನ ಬಗ್ಗೆ ಹೀಗೆಂದರೆ ನಗುವವರು ನಗಲಿ. ತೊಳೆದರೆ ಬಣ್ಣ ಬಿಡುವ ಚಾದರವನ್ನು ಬಣ್ಣ ಬಿಡುತ್ತದೆ ಎಂದು ಹೇಳಿಯೇ ಮಾರುತ್ತಿದ್ದ. ಕೊಂಡವರು ಮರುವರ್ಷವೂ ಅವನ ಅಂಗಡಿಗೇ ಬರುತ್ತಿದ್ದರು. ಜನ್ಮದಲ್ಲಿ ಅವನು ಹೇಳಿದ ದೊಡ್ಡ ಸುಳ್ಳು ಒಂದೇ. ಆದರೆ ಅದನ್ನು ಇಪ್ಪತ್ತು ವರ್ಷ ಬಿಡದೆ ಹೇಳಿಕೊಂಡು ಬಂದಿದ್ದ.

ಅದು ಅವನ ಅಕ್ಕನ ವಿಷಯ. ಅಕ್ಕನಾಗಮ್ಮ ಹದಿಮೂರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಹತ್ತು ವರ್ಷ ಒಲೆಯ ಮುಂದೆ ಕೂತಳು. ಒಂದು ದಿನ ಯಾರನ್ನೂ ಕೇಳದೆ ಮಿಶನ್ ಆಸ್ಪತ್ರೆಯೊಂದಕ್ಕೆ ಹೋಗಿ ನರ್ಸ್ ಕೆಲಸ ಕಲಿತಳು. ಆಮೇಲೆ ಅಕ್ಕಲಕೋಟ ತಾಲೂಕಿನ ಕರಜಗಿಯಲ್ಲಿ, ಮನೆತನದ ಮೂಲ ಊರಿನಲ್ಲೇ, ಮಿಶನ್ನಿನದೇ ಒಂದು ಸಣ್ಣ ದವಾಖಾನೆಯಲ್ಲಿ ನೌಕರಿ ಹಿಡಿದಳು. ಆ ಊರಿನಲ್ಲಿ ಅವಳ ಕೈಗೆ ಹುಟ್ಟದ ಮಕ್ಕಳು ಕಡಿಮೆ. ಆದಿತ್ಯವಾರ ಬಂತೆಂದರೆ ಊರ ಹೊರಗಿನ ತಗಡಿನ ಚರ್ಚಿಗೆ ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಯಾರಾದರೂ ಕೇಳಿದರೆ ಸಾತಲಿಂಗಪ್ಪನ ಉತ್ತರ ಸಿದ್ಧವಿರುತ್ತಿತ್ತು.

"ನೌಕರಿ ಸಲುವಾಗಿ ಹೋಗ್ತಾಳ್ರಿ. ಹೋಗಲಿಲ್ಲಂದ್ರ ದವಾಖಾನಿಯವ್ರು ಇಟ್ಕೋತಾರೇನು?"

ಪೇಟೆ ಅದನ್ನು ಒಪ್ಪಿತು. ಲಿಂಗಾಯತರ ಮನೆಯ ಹೆಣ್ಣುಮಗಳು ಯೇಸುವನ್ನು ಮನಸಾರೆ ನಂಬಿದ್ದಾಳೆ ಎಂಬುದಕ್ಕಿಂತ, ಸಂಬಳಕ್ಕಾಗಿ ನಂಬಿದಂತೆ ನಟಿಸುತ್ತಾಳೆ ಎಂಬುದು ಪೇಟೆಯವರಿಗೆ ಹೆಚ್ಚು ಮರ್ಯಾದೆಯ ಸಂಗತಿಯಾಗಿ ಕಂಡಿತು. ಪೇಟೆಯ ಮರ್ಯಾದೆಯೇ ಹಾಗೆ, ಏನು ಮಾಡುವುದು.

ದೀಕ್ಷಾಸ್ನಾನ ತೆಗೆದುಕೊಳ್ಳಲು ಅಕ್ಕನಾಗಮ್ಮ ಎರಡು ಸಲ ಸಿದ್ಧಳಾಗಿದ್ದಳು. ಎರಡು ಸಲವೂ ಸಾತಲಿಂಗಪ್ಪ ಎಸ್.ಟಿ. ಬಸ್ಸು ಹಿಡಿದು ಹೋಗಿ ಕೈಮುಗಿದಿದ್ದ. ಮೊದಲ ಸಲ ಹಿರಿಯ ಮಗಳ ಲಗ್ನವಿತ್ತು, ಎರಡನೆಯ ಸಲ ನಡುವಿನವಳದು. ಸಭೆಯ ಮುಂದೆ ನಿಂತು ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳಿ ನೀರಿಗಿಳಿದ ಸೋದರತ್ತೆ ಮನೆಯಲ್ಲಿದ್ದರೆ ಹುಡುಗಿಯರನ್ನು ಯಾರು ಮಾಡಿಕೊಳ್ಳುತ್ತಾರೆ? ಎರಡು ಸಲವೂ ಅವಳು ಸುಮ್ಮನಾದಳು. ಈಗ, ೧೯೭೭ರ ಬೇಸಿಗೆಯಲ್ಲಿ, ಉಳಿದವಳು ಕಿರಿಯ ಮಗಳು ನೀಲಗಂಗಾ ಒಬ್ಬಳೇ. ಅಕ್ಕಲಕೋಟದ ಕಿರಾಣಿ ವ್ಯಾಪಾರಿ ಸಿದ್ದರಾಮಪ್ಪನ ಮಗನೊಂದಿಗೆ ಅವಳ ಸಾಖರಪುಡಾ ಆಗಿತ್ತು. ಸಕ್ಕರೆ ಪುಡಿಕೆ ಕೊಟ್ಟು ಸಂಬಂಧ ಗಟ್ಟಿಮಾಡಿ, ಲಗ್ನಕ್ಕೆ ಇನ್ನೊಂದು ತಿಂಗಳು ಉಳಿದಿತ್ತು.

ಲಗ್ನಪತ್ರಿಕೆಯನ್ನು ಅಕ್ಕನಿಗೆ ಕೊಡಲೆಂದು ಹೋದಾಗ ಅವಳು ದವಾಖಾನೆಯ ಹಿಂದಿನ ಖೋಲಿಯಲ್ಲಿ ಹೊರಸಿನ ಮೇಲೆ ಕೂತಿದ್ದಳು. ಎದೆಯ ಬೇನೆ ಹೆಚ್ಚಾಗಿತ್ತು. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು.

"ಲಗ್ನ ಆದ ಮರುದಿನಾನ ನಾ ನೀರಾಗ ಇಳೀತೀನಿ, ತಮ್ಮಾ. ಈ ಸಲ ಕೈಮುಗಿಯಾಕ ಬರಬ್ಯಾಡ."

"ಇಲ್ಲಕ್ಕಾ, ಬರಂಗಿಲ್ಲ."

"ನಡುವ ನಾ ಹ್ವಾದ್ರ?"

"ಉಗೀಚ ಏನರೆ ಮಾತಾಡಬ್ಯಾಡ."

"ನರ್ಸ್ ಇದೀನಿ. ನನ್ನ ಎದಿ ನನಗ ಗೊತ್ತದ." ಅವಳು ನಕ್ಕಳು. "ನಡುವ ಹ್ವಾದ್ರ ನೀ ಹೇಳಬೇಕು. ಅಕೀ ನಂಬಿದ್ಳು, ನಾನ ತಡದೆ ಅಂತ ನಾಲ್ಕು ಮಂದಿ ಮುಂದ ಹೇಳಬೇಕು. ಮತ್ತ ನನ್ನ ಉದ್ದಕ ಮಲಗಸ್ರಿ, ಪಡುವಣಕ್ಕ ತಲಿ ಮಾಡಿ. ಯೇಸು ಬರೂ ದಿನ ಮೂಡಲಕ್ಕ ಮಾರಿ ಮಾಡಿ ಏಳಬೇಕು ನಾ."

ಸಾತಲಿಂಗಪ್ಪನಿಗೆ ವ್ಯಾಪಾರಿಯ ಬುದ್ಧಿ. ಮಾಲು ನೋಡದೆ ಒಪ್ಪುವವನಲ್ಲ. "ಮಣ್ಣಾಗ ಹ್ವಾದ ಮೈ ಮತ್ತ ಏಳ್ತದಂತ ಖರೇನ ನಂಬೀಯೇನಕ್ಕಾ? ನಮ್ಮಲ್ಲಿ ಲಿಂಗದಾಗ ಒಂದಾಗಿ ಹೋಗ್ತಾರ. ಹೋಗಾದಿಲ್ಲ, ಬರಾದಿಲ್ಲ. ಅದಽ ಎಷ್ಟು ಛಲೋ ಅದ."

"ನಿನಗ ಛಲೋ ಅದ. ನಿನ್ನ ಸಂಸಾರ ಆಗ್ಯದ, ಬಾಳೇವು ಆಗ್ಯದ. ನನಗ ಹದಿಮೂರಕ್ಕ ಎಲ್ಲಾರೂ ಮುಗೀತಂದ್ರು. ಅವ್ವನೂ ಅಂದ್ಳು. ಮುಗದಿಲ್ಲಂತ ಅಂದಾಂವ ಅವನೊಬ್ನ. ಸತ್ತು ಮೂರನೇ ದಿನ ಎದ್ದು ಬಂದಾಂವ ಹೇಳಿದ ಮಾತು, ನಾ ನಂಬಿದೆ. ನನಗ ಯಾತರಾಗೂ ಕರಗಾದು ಬ್ಯಾಡೋ. ನಾ ಅಕ್ಕನಾಗಮ್ಮ ಆಗೇ ಏಳಬೇಕು. ಇದಽ ಮಾರಿ, ಇದಽ ಕೈ."

ಎರಡು ಕೈಗಳನ್ನೂ ಅವನ ಮುಂದೆ ಚಾಚಿದಳು. ಜೀವಮಾನವೆಲ್ಲ ಕಾರ್ಬೋಲಿಕ್ ಸಾಬೂನಿನಲ್ಲಿ ತೊಳೆದ, ಉಗುರು ಸವೆದ ಕೈಗಳು. "ನೀ ನಂಬಬ್ಯಾಡ ಬಿಡು. ನಾ ನಂಬೀನಿ ಅಂಬೂದು ನಿನಗ ಗೊತ್ತದಲ್ಲ, ಅದನ್ನಷ್ಟ ಹೇಳು."

ಅವನು ಹೂಂ ಅಂದ. ಹೂಂ ಅನ್ನುವುದು ಸುಲಭ, ಅದರಲ್ಲೂ ಬಸ್ಸಿನ ಹೊತ್ತಾಗಿರುವಾಗ.

ಹದಿನಾರನೆಯ ದಿನ ಮುಂಜಾನೆ ಪಕ್ಕದ ಅಂಗಡಿಯ ಫೋನಿಗೆ ಅಕ್ಕಲಕೋಟದಿಂದ ಟ್ರಂಕ್ ಕಾಲ್ ಬಂತು. ಮಾತಾಡಿದವನು ಕರಜಗಿಯಲ್ಲಿರುವ ದೊಡ್ಡಪ್ಪನ ಮಗ ಶಾಂತಲಿಂಗಪ್ಪ. ಅಕ್ಕನಾಗಮ್ಮ ನಸುಕಿನಲ್ಲಿ ಹೋದಳು ಎಂದ. ಫೋನಿಗಾಗಿ ಅವನು ಬಂದಿದ್ದು ಬೀಗರಾಗಲಿರುವ ಸಿದ್ದರಾಮಪ್ಪನ ಅಂಗಡಿಗೇ. ಅಲ್ಲಿಗೆ ಸುದ್ದಿ ಬೀಗರಿಗೂ ಮುಟ್ಟಿತು. ಸಾತಲಿಂಗಪ್ಪನಿಗೆ ಅಳು ಒತ್ತರಿಸಿ ಬಂತು. ಅಳುತ್ತಲೇ, "ನಮ್ಮ ಹೊಲದಾಗ ಅವ್ವನ ಮಗ್ಗಲಿಗೆ ಕುಣಿ ತೋಡಸು, ನಾ ಬಂದೆ" ಎಂದು ಫೋನು ಇಟ್ಟ. ಎಂಥ ಕುಣಿ ಎಂದು ಹೇಳಲಿಲ್ಲ. ಬಸ್ಸು ಊರು ಬಿಟ್ಟ ಮೇಲೆ ಅದು ನೆನಪಾಯಿತು.

ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ, ಕೂತಂತೆಯೇ ಒಯ್ದು ಚೌಕದ ಕುಣಿಯಲ್ಲಿ ಕೂಡಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಕೊಡುತ್ತಾರೆ. ಬೇರೆ ಹೇಳದಿದ್ದರೆ ಕರಜಗಿಯಲ್ಲಿ ಯಾರಿಗೂ ಬೇರೆ ತೋಚುವುದು ಸಾಧ್ಯವಿರಲಿಲ್ಲ. ಅವನು ಮಧ್ಯಾಹ್ನ ತಲುಪಿದಾಗ ಎಲ್ಲವೂ ಸಾಂಗವಾಗಿ ಆಗಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು, ಹಾಗೆ ಕೂತೇ ಸೆಟೆದುಕೊಂಡಿದ್ದಳು. ಹೊಲದಲ್ಲಿ ಆಳು ನಾಗಪ್ಪ ಮೂರು ಮೊಳದ ಚೌಕಕ್ಕೆ ಆಳವಾಗಿ ತೋಡಿ ಮುಗಿಸಿದ್ದ. ಕುಣಿಯನ್ನು ಉದ್ದ ಮಾಡಬಹುದೇ ಎಂದು ಸಾತಲಿಂಗಪ್ಪ ಮೆಲ್ಲಗೆ ಕೇಳಿದ.

"ಕೆಳಗ ಎಲ್ಲಾ ಕಲ್ಲಿನಂಥಾ ಮುರುಮ ಹತ್ಯದ್ರಿ ಧಣಿ," ಎಂದ ನಾಗಪ್ಪ. "ಇಷ್ಟು ತೋಡಾಕ ನಾಲ್ಕು ತಾಸು ಹಿಡೀತು. ಮತ್ತ ಉದ್ದ ಯಾಕ್ರಿ? ಅವ್ವಾರು ಕೂಡಾಕ ಇದು ಬೇಕಾದಷ್ಟಾತು."

ಇಳಿಹೊತ್ತಿಗೆ ಹೊಲದಲ್ಲಿ ಎರಡು ಗುಂಪು ಸೇರಿದವು. ಕುಣಿಯ ಸುತ್ತ ಮನೆತನದವರು. ಅವರ ನಡುವೆ ಸಿದ್ದರಾಮಪ್ಪ. ಬೀಗರ ದುಃಖಕ್ಕೆ ಆಗಬೇಕೆಂದು ಬಾಡಿಗೆ ಜೀಪು ಮಾಡಿಕೊಂಡು, ಮಠದ ಅಯ್ಯನವರನ್ನೂ ಜೊತೆಗೆ ಕರೆತಂದಿದ್ದ. ಒಳ್ಳೆಯ ಮನುಷ್ಯ. ಇಂಥ ಹೊತ್ತಿನಲ್ಲಿ ಒಳ್ಳೆಯವರೇ ಹೆಚ್ಚು ತೊಂದರೆ ಕೊಡುತ್ತಾರೆ. ದೂರದ ಬದುವಿನ ಮೇಲೆ ಚರ್ಚಿನ ಹತ್ತು ಹನ್ನೆರಡು ಜನ ನಿಂತಿದ್ದರು. ಅವರ ಪಾದ್ರಿಯ ಹೆಸರು ಪಂಢರಿನಾಥ. ಅಪ್ಪ ಇಟ್ಟ ಹೆಸರು. ದೇವರು ಬದಲಾದರೂ ಅದನ್ನು ಬದಲಾಯಿಸುವ ಗೋಜಿಗೆ ಅವನು ಹೋಗಿರಲಿಲ್ಲ.

ಸಾತಲಿಂಗಪ್ಪ ಬದುವಿಗೆ ಹೋಗಿ ಅವನ ಮುಂದೆ ನಿಂತ. "ಪಾದ್ರಿಸಾಹೇಬ್ರ, ಉದ್ದಕ ಮಲಗಸ್ರಿ ಅಂತ ಹೇಳಿದ್ಳು. ನನ್ನ ಕಡಿಂದ ಚೂಕ ಆತು. ಈಗ ಮಲಗಸಬೇಕಂದ್ರ ಕಾಲು ಮುರೀಬೇಕು."

"ಬ್ಯಾಡ್ರಿ," ಎಂದ ಪಂಢರಿನಾಥ. "ಸಮುದ್ರದಾಗ ಮುಳುಗಿದವ್ರು ಅದಾರ, ಬೆಂಕ್ಯಾಗ ಸುಟ್ಟವ್ರು ಅದಾರ. ಅವ್ರನ್ನೆಲ್ಲಾ ಎಬ್ಬಸಾಂವಗ ಕುಂತಾಕಿನ್ನ ಎಬ್ಬಸಾದು ಜಡ ಆಗ್ತದೇನು? ಇನ್ನ ಬಾಪ್ತಿಸ್ಮಾದ ಮಾತು. ನೀರು ಮನಷ್ಯಾನ್ನ ಉಳಸಂಗಿಲ್ರಿ, ನಂಬಿಕಿ ಉಳಸ್ತದ. ಆದ್ರ ನನ್ನದೊಂದು ಅಡಚಣಿ ಅದ."

"ಏನ್ರಿ?"

"ಅಕ್ಕಾವ್ರು ಹಿಂದ ಬಂದು ಕುಂಡ್ರತಿದ್ರು, ಹೋಗತಿದ್ರು. ಸಭಾದ ಮುಂದ ಒಂದಿನಾನೂ ಬಾಯಿ ಬಿಚ್ಚಲಿಲ್ಲ. ನೌಕರಿ ಸಲುವಾಗಿ ಬರತಿದ್ಳು ಅಂತ ಊರಾಗ ಅಂತಾರ, ನಮ್ಮ ಹಿರೇರೂ ಅಂತಾರ. ಅದು ನಿಮ್ಮ ಮಾತಂತ. ನನಗೂ ಖರೇ ಗೊತ್ತಿಲ್ಲ. ನಂಬಿ ಸತ್ತಾಳ ಅಂತ ಗೊತ್ತಿದ್ದವ್ರು ಯಾರರೆ ಈ ಮಂದಿ ಮುಂದ ಹೇಳಿದ್ರ ನಾ ಅಲ್ಲಿ ಬಂದು ಪ್ರಾರ್ಥನಾ ಮಾಡ್ತೀನಿ. ಇಲ್ಲಂದ್ರ ಹೆಣದ ಮ್ಯಾಲೆ ಜಗಳಾಡಾಕ ಬಂದಿಲ್ಲ. ಮನಿಗಿ ಹೋಗ್ತೀನಿ."

ಸಾತಲಿಂಗಪ್ಪ ಉತ್ತರ ಕೊಡುವ ಮೊದಲೇ ಕುಣಿಯ ಕಡೆಯಿಂದ ಕರೆ ಬಂತು. ಅಕ್ಕನನ್ನು ಒಳಗೆ ಇಳಿಸಿ ಕೂಡಿಸಿದ್ದರು. ಅಯ್ಯನವರು ಅವಳ ಕೊರಳು ನೋಡಿ, ಸೆರಗಿನ ಗಂಟು ನೋಡಿ, ತಲೆ ಎತ್ತಿದರು. "ಲಿಂಗ ಎಲ್ಲದರಿ?"

ಶಾಂತಲಿಂಗಪ್ಪ ಬೇವಿನ ಮರವನ್ನು ಮೊದಲ ಸಲ ಕಂಡವನ ಹಾಗೆ ನೋಡತೊಡಗಿದ. ಆಗ ಸಿದ್ದರಾಮಪ್ಪ ಮುಂದೆ ಬಂದ.

"ದವಾಖಾನಿ ಗಡಬಡದಾಗ ಎಲ್ಲ್ಯರೆ ಕಳದೀತು. ಇರ್ಲಿ. ಅಯ್ಯನವ್ರ ಚೀಲದಾಗ ಹೊಸಾ ಲಿಂಗ ಅದ, ಅದನ್ನ ಇಟ್ಟು ಮುಗಸೋಣು. ಹೌದಲ್ರಿ ಬೀಗರ?"

ಅದು ಕೇಳಿದ ಪ್ರಶ್ನೆಯಲ್ಲ, ಕೊಟ್ಟ ದಾರಿ. ಬಾಯಿ ತೆರೆಯುವ ಕೆಲಸವೂ ಇರಲಿಲ್ಲ, ತಲೆ ಆಡಿಸಿದರೆ ಸಾಕಿತ್ತು. ಸಾತಲಿಂಗಪ್ಪನಿಗೆ ನೀಲಗಂಗಾ ಕಣ್ಣಮುಂದೆ ಬಂದಳು. ಅವಳ ತಾಯಿ ಕಸ್ತೂರಬಾಯಿ ಆ ಹೊತ್ತಿಗೆ ಶಾವಿಗೆ ಹೊಸೆಯುವವರನ್ನು ಕರೆಸಿ ಕೂಡಿಸಿರಬೇಕು. ಅವನಿಗೆ ಹೆದರಿಕೆಯಾಯಿತು. ಅಯ್ಯನವರು ಚೀಲದ ಬಾಯಿ ಬಿಚ್ಚಿ, ಅಕ್ಕನ ಎಡಗೈಯನ್ನು ಮಡಿಲಿನಿಂದ ಎತ್ತಿ ಬೆರಳು ಬಿಡಿಸತೊಡಗಿದರು. ಸೆಟೆದ ಬೆರಳುಗಳು ಬಿಡಿಸಲು ಬರಲಿಲ್ಲ. ಅವರು ತುಸು ಬಲ ಹಾಕಿದರು.

"ಬಿಡ್ರಿ," ಎಂದ ಸಾತಲಿಂಗಪ್ಪ. ತನ್ನ ದನಿ ತನಗೇ ಜೋರಾಗಿ ಕೇಳಿಸಿತು. "ಲಿಂಗ ಕಳದಿಲ್ಲ. ನನ್ನ ತಿಜೋರ್ಯಾಗ ಅದ. ಇಪ್ಪತ್ತು ವರ್ಷದ ಹಿಂದ ಅಕೀನ ಬಿಚ್ಚಿ ನನ್ನ ಕೈಯಾಗ ಕೊಟ್ಟಾಳ."

"ಬೀಗರ..." ಎಂದ ಸಿದ್ದರಾಮಪ್ಪ.

"ನಿಲ್ರಿ, ಹೇಳಿ ಮುಗಸ್ತೀನಿ. ಅಕೀ ಯೇಸೂನ ನಂಬಿದ್ಳು. ಅಂವ ಸತ್ತು ಎದ್ದಾನಂತ ನಂಬಿದ್ಳು, ತಾನೂ ಏಳ್ತೀನಂತ ನಂಬಿದ್ಳು. ನೌಕರಿ ಸಲುವಾಗಿ ಹೋಗತಾಳಂತ ನಾ ಹೇಳಿದ್ದು ಸುಳ್ಳು. ಎರಡು ಸಲ ನೀರಾಗ ಇಳೀತೀನಂದ್ಳು. ಎರಡೂ ಸಲ ನಾನ ಹೋಗಿ ತಡದೀನಿ, ನನ್ನ ಹೆಣ್ಣುಮಕ್ಕಳ ಲಗ್ನಾ ಆಗಬೇಕಂತ. ಅಕೀದೇನೂ ತಪ್ಪಿಲ್ಲ. ಅಕೀ ಬಾಯಿ ನಾ ಮುಚ್ಚಿದ್ದೆ."

ಅಯ್ಯನವರು ಕೈ ಬಿಟ್ಟರು. ಚೀಲದ ಬಾಯಿ ಕಟ್ಟಿ, ಸಿಟ್ಟೇನೂ ತೋರಿಸದೆ ಮೇಲೆ ಬಂದರು. ಸಿದ್ದರಾಮಪ್ಪ ಟೋಪಿ ತೆಗೆದು ಬೆವರು ಒರೆಸಿಕೊಂಡು ಮತ್ತೆ ಹಾಕಿಕೊಂಡ. "ಇದನ್ನ ನೀವು ಸಾಖರಪುಡಾದ ಮೊದಲ ಹೇಳಬೇಕಿತ್ತು" ಎಂದ. ಅದು ನ್ಯಾಯದ ಮಾತಾಗಿತ್ತು. ಜೀಪು ಹೊರಟಿತು. ಮನೆತನದವರಲ್ಲಿ ಅರ್ಧ ಜನ ಅದರ ಹಿಂದೆಯೇ ಸರಿದರು. ಶಾಂತಲಿಂಗಪ್ಪ ಮಾತ್ರ ಉಳಿದ. ಅವನ ನಾಲ್ಕೂ ಮಕ್ಕಳು ಅಕ್ಕನಾಗಮ್ಮನ ಕೈಗೆ ಹುಟ್ಟಿದವರು. ನಾಗಪ್ಪನೂ ಸಲಿಕೆ ಹಿಡಿದು ನಿಂತೇ ಇದ್ದ.

ಪಂಢರಿನಾಥ ತನ್ನ ಜನರೊಂದಿಗೆ ಬದು ಇಳಿದು ಬಂದ. ಅವರಲ್ಲೊಬ್ಬಳು ಕುಣಿಗೆ ಬಾಗಿ ಹೆಣದ ಹಣೆಯ ವಿಭೂತಿ ಒರೆಸಲು ಹೋದಾಗ ಅವನು "ಇರ್ಲಿ ಬಿಡವ್ವಾ, ಹಚ್ಚಿದವ್ರು ಪ್ರೀತಿಲೆ ಹಚ್ಯಾರ" ಎಂದು ತಡೆದ. ಪ್ರಾರ್ಥನೆ ಬಹಳ ಉದ್ದವಾಗಲಿಲ್ಲ. ಅರ್ಧ ಮರಾಠಿ, ಅರ್ಧ ಕನ್ನಡ. ಅಕ್ಕನಾಗಮ್ಮನೆಂಬ ತನ್ನ ದಾಸಿಯನ್ನು ಕರ್ತನು ಹೆಸರು ಹಿಡಿದು ಎಬ್ಬಿಸುವ ದಿನದವರೆಗೆ ಈ ಮಣ್ಣು ಅವಳನ್ನು ಕಾಯಲಿ ಎಂದು ಕೇಳಿಕೊಂಡ. ಸಾತಲಿಂಗಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಅತ್ತ. ಯಾರಿಗೂ ಮರೆಮಾಡದೆ ಅತ್ತ.

ಎಲ್ಲರೂ ಮಣ್ಣು ಹಾಕಿ ಚದುರುವಾಗ ಪಾದ್ರಿ ಅವನ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದ. "ಸಾವಕಾರ್ರ, ಇಷ್ಟು ಮಂದಿ ಮುಂದ ಹೇಳಿದ್ರಿ. ನೀವೂ ನಂಬ್ತೀರೇನು, ಅಕೀ ಏಳ್ತಾಳಂತ?"

ಸಾತಲಿಂಗಪ್ಪ ಸುಳ್ಳು ಹೇಳಲಿಲ್ಲ.

"ನನಗ ತಿಳಿಯಂಗಿಲ್ರಿ. ನಂಬಿಕಿ ಅದನೋ ಇಲ್ಲೋ ಗೊತ್ತಿಲ್ಲ. ಆದ್ರ ಅಕೀ ಎದ್ದಳಂದ್ರ ಮತ್ತೆಲ್ಲೂ ಹೋಗಂಗಿಲ್ಲ, ಮೊದಲ ನನ್ನ ಹುಡಿಕ್ಕೊಂಡು ಬರ್ತಾಳ. ಅಕೀಗಿ ನಾ ಮಾರಿ ತೋರಸಬೇಕಲ್ರಿ."

ಪಂಢರಿನಾಥ ಅವನ ಭುಜದ ಮೇಲೆ ಕೈಯಿಟ್ಟ. ನಾಗಪ್ಪ ಸಲಿಕೆಯಿಂದ ಮಣ್ಣು ಎಳೆಯತೊಡಗಿದ. ಸೊಲ್ಲಾಪುರಕ್ಕೆ ಕೊನೆಯ ಬಸ್ಸು ಆರೂವರೆಗೆ. ಮನೆಯಲ್ಲಿ ಕಸ್ತೂರಬಾಯಿಗೆ ಹೇಳಬೇಕಿತ್ತು, ನೀಲಗಂಗಾಳನ್ನು ಎದುರಿಗೆ ಕೂಡಿಸಿಕೊಂಡು ಅವಳಿಗೂ ಹೇಳಬೇಕಿತ್ತು. ಸಾತಲಿಂಗಪ್ಪ ಧೋತರದ ಮಣ್ಣು ಕೊಡವಿಕೊಂಡು ಸ್ಟ್ಯಾಂಡಿನ ಕಡೆ ನಡೆದ.