ಒಬ್ಬನೇ ಹೋಗಬಾರದ ಕೋಣೆ

ನಮ್ಮ ಕಾರ್ಖಾನೆಯಲ್ಲಿ ಮೇಜು, ಕುರ್ಚಿ, ಕಪಾಟು ಮಾಡುತ್ತೇವೆ. ಪಾಲಿಷ್ ಕೆಲಸ ನನ್ನದು. ಆ ವರ್ಷ ಯಜಮಾನರು ಒಂದು ಸಂಸ್ಥೆಯವರ ಮಾತಿಗೆ ಒಪ್ಪಿ, ಜೈಲಿನಿಂದ ಹೊರಬಂದ ಐದಾರು ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಂಡರು. ಅವರಲ್ಲಿ ಇಬ್ಬರನ್ನು ನನ್ನ ಕೈಗೆ ಒಪ್ಪಿಸಿದರು. ಮೊದಲ ದಿನ ನಾನು ಕೈಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬಂದೆ. ಅವರೂ ಕಡಿಮೆಯೇನಲ್ಲ. ನಾನು ಒಂದು ಗುಟುಕು ಕುಡಿಯುವವರೆಗೆ ನಾನು ತಂದುಕೊಟ್ಟ ಚಹಾವನ್ನು ಮುಟ್ಟಲಿಲ್ಲ.

ಒಬ್ಬನನ್ನು ಎಲ್ಲರೂ ಲಾಯರ್ ಎನ್ನುತ್ತಿದ್ದರು. ಸ್ಯಾಂಡ್ ಪೇಪರ್ ಹರಿದರೂ ಅವನು ಕಾನೂನು ಹೇಳುವವನು. ಇನ್ನೊಬ್ಬ ಕುಳ್ಳ. ಮಾತು ಕಡಿಮೆ, ಕೈ ಚುರುಕು. ಅಕ್ಕನ ಮನೆಯಲ್ಲಿದ್ದ. ದಿನಾ ಸಂಜೆ ಏಳರೊಳಗೆ ಪೊಲೀಸ್ ಠಾಣೆಗೆ ಹೋಗಿ ರುಜು ಹಾಕಬೇಕು ಎಂಬ ಷರತ್ತಿನ ಮೇಲೆ ಅವನನ್ನು ಬಿಟ್ಟಿದ್ದರು. ನಮ್ಮ ಗೇಟಿನ ಎದುರೇ ಬಸ್ ಸ್ಟಾಪಿತ್ತು, ಆದರೆ ಬಸ್ಸು ನಿಲ್ಲುತ್ತಿರಲಿಲ್ಲ. ಈ ಹುಡುಗರ ಗುಂಪು ಕಂಡರೆ ಡ್ರೈವರ್ ವೇಗ ಹೆಚ್ಚಿಸುತ್ತಿದ್ದ. ಹೀಗೆ ಕುಳ್ಳ ಆಗಲೇ ಎರಡು ಸಲ ತಡವಾಗಿ ಹೋಗಿದ್ದ. ಇನ್ನೊಂದು ಸಲ ತಡವಾದರೆ ಮತ್ತೆ ಒಳಗೇ ಎಂದು ಇನ್ಸ್‌ಪೆಕ್ಟರ್ ಹೇಳಿ ಕಳಿಸಿದ್ದರು.

ವಾರಕ್ಕೊಮ್ಮೆ ಸಂಸ್ಥೆಯ ಮೇಡಂ ಬರುತ್ತಿದ್ದರು. ಒಂದು ದಿನ ಎಲ್ಲರನ್ನೂ ಸುತ್ತ ಕೂರಿಸಿ, ನೀವೂ ಈ ಊರಿನ ಜನವೇ, ನಿಮ್ಮ ಕಷ್ಟವನ್ನು ವಾರ್ಡ್ ಸಭೆಯಲ್ಲಿ ನೀವೇ ಹೇಳಬೇಕು, ಅದಕ್ಕೆ ನಿಮ್ಮಲ್ಲೇ ಒಬ್ಬ ಮುಂದಾಳಾಗಬೇಕು ಎಂದರು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡುತ್ತ ಕುಳಿತರು. ಲಾಯರ್ ಒಬ್ಬನೇ ಕೈ ಎತ್ತಿದ. ಮೇಡಂ ಖುಷಿಯಾಗಿ ಅವನನ್ನು ಆಫೀಸ್ ಕೋಣೆಗೆ ಕರೆದರು. ಅವನು ಹೋದ, ಬಾಗಿಲು ಮುಚ್ಚಿತು. ಹೊರಗೆ ಉಳಿದವರು ಕೆಲಸಕ್ಕೆ ಹೋಗದೆ ಆ ಬಾಗಿಲನ್ನೇ ನೋಡುತ್ತ ನಿಂತರು.

ಜೈಲಿನಲ್ಲಿ ಒಂದು ಕಟ್ಟಳೆಯಂತೆ. ಕುಳ್ಳ ಆಮೇಲೆ ನನಗೆ ಹೇಳಿದ. ಸಾಹೇಬರ ಕೋಣೆಗೆ ಯಾರೂ ಒಬ್ಬರೇ ಹೋಗಕೂಡದು. ಕರೆ ಬಂದರೆ ಜೊತೆಗೆ ಇನ್ನೊಬ್ಬನನ್ನು ಎಳೆದುಕೊಂಡೇ ಹೋಗಬೇಕು. ಒಬ್ಬನೇ ಹೋಗಿ ಬಂದವನಿಗೆ ಮಾರನೆಯ ದಿನ ಹೆಚ್ಚಿಗೆ ಕಂಬಳಿ ಸಿಗುತ್ತಿತ್ತು, ಬೇರೆ ಯಾರಿಗೋ ಲಾಠಿ ಏಟು ಬೀಳುತ್ತಿತ್ತು. ಇದು ಲಾಯರ್‌ಗೆ ತಿಳಿಯದ್ದಲ್ಲ. ಹೊರಗೆ ಬಂದ ಮೇಲೆ ಆ ಕಟ್ಟಳೆ ಇಲ್ಲ ಎಂದುಕೊಂಡನೋ ಏನೋ.

ಅಂದಿನಿಂದ ಅವನು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಅವನೋ ಸುಮ್ಮನಿರುವವನಲ್ಲ. ನಿನ್ನ ಮನೆ ಎಲ್ಲಿ, ನಿನ್ನದು ಯಾವ ಠಾಣೆ, ಎಷ್ಟು ಹೊತ್ತಿಗೆ ತಲುಪುತ್ತೀಯ ಎಂದು ಒಬ್ಬೊಬ್ಬರನ್ನೂ ಕೇಳುತ್ತ ಹೋದ. ಚಾಡಿ ಹೇಳುವವನು ಕೇಳುವ ಪ್ರಶ್ನೆಗಳೇ ಅವು. ನನಗೂ ಅನುಮಾನ ಹುಟ್ಟಿತು. ಮುಂದಿನ ವಾರ ಅವನು ಮತ್ತೆ ಆ ಕೋಣೆಗೆ ಹೋದಾಗ ನಾನು ಪಾಲಿಷ್ ಡಬ್ಬಿ ಎತ್ತಿಕೊಂಡು ಕಿಟಕಿಯ ಕೆಳಗೆ ಕುಳಿತೆ. ಉಜ್ಜಿ ಉಜ್ಜಿ ಕುರ್ಚಿಯ ಒಂದೇ ಕಾಲು ಕನ್ನಡಿಯಂತಾಯಿತು. ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಅವನು ಹೊರಗೆ ಬಂದಾಗ ಕುಳ್ಳ ಅಡ್ಡ ನಿಂತ.

"ನನ್ನ ವಿಷಯ ಹೇಳಿದ್ಯಾ?"

"ಬಸ್ ನಿಲ್ಲಲ್ಲ, ಹುಡುಗರಿಗೆ ತಡ ಆಗ್ತಿದೆ ಅಂದೆ. ಹೆಸರು ಹೇಳಿಲ್ಲ."

"ಬಾಗಿಲು ಹಾಕಿತ್ತಲ್ಲ. ಹೇಳಿದ್ರೂ ಹೇಳಿಲ್ಲ ಅಂತಾನೇ ಹೇಳ್ತೀಯ."

ಲಾಯರ್ ಪಕ್ಕಕ್ಕೆ ಸರಿದು ಹೋಗಲು ನೋಡಿದ. ಕುಳ್ಳ ಬಿಡಲಿಲ್ಲ.

"ಸಭೆಗೆ ನಾನೂ ಬರ್ತೀನಿ. ನಿನ್ನ ನಂಬಿ ಅಲ್ಲ, ನಂಬದೇ ಬರ್ತೀನಿ."

ಆಮೇಲೆ ಉಳಿದವರಿಗೆ ಬೇರೆ ಚಿಂತೆ ಹತ್ತಿತು. ಇವರಿಬ್ಬರೇ ಹೋಗಿ ಒಂದಾಗಿಬಿಟ್ಟರೆ? ಮೂರನೆಯವನು ಹೊರಟ. ಅವನ ಮೇಲೆ ಕಣ್ಣಿಡಲು ನಾಲ್ಕನೆಯವನು. ಕೊನೆಗೆ ಎಲ್ಲರೂ ಹೊರಟರು. ಕುಳ್ಳನಿಗೆ ಏನಾಗುತ್ತದೋ ಎಂದು ನಾನೂ ಹೊರಟೆ.

ಸಭೆಯ ಬಾಗಿಲಲ್ಲಿ ಒಬ್ಬ ಕಾವಲುಗಾರ ಕುಳಿತಿದ್ದ. ಅವನು ಏನೂ ಕೇಳಿರಲಿಲ್ಲ. ಹುಡುಗರು ಸಾಲಾಗಿ ನಿಂತು ಬಾಚಣಿಗೆ, ಬೀಗದ ಕೈ, ಚಿಲ್ಲರೆ ಎಲ್ಲವನ್ನೂ ಅವನ ಮೇಜಿನ ಮೇಲಿಟ್ಟು, ಕೈ ಎತ್ತಿ ನಿಂತರು. ಅವನು ಗಾಬರಿಯಾಗಿ ತಾನೂ ಎದ್ದು ನಿಂತ. ಒಳಗೆ ಮುಂದಿನ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಚೀಲವನ್ನು ಮಡಿಲಿಗೆ ಎಳೆದುಕೊಂಡರು.

ಲಾಯರ್ ಎದ್ದು ಬಸ್ಸಿನ ವಿಷಯ ಹೇಳಿದ. ಸುತ್ತುಬಳಸದೆ ನೇರವಾಗಿ ಹೇಳಿದ. ಡಿಪೋದಿಂದ ಬಂದಿದ್ದ ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ನಮ್ಮ ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ, ಯಾರಿಗೆ ತೊಂದರೆಯಾಗಿದೆಯೋ ಅವರ ಹೆಸರು ಹೇಳು ಎಂದರು.

ನಮ್ಮ ಹುಡುಗರ ಕಣ್ಣೆಲ್ಲ ಲಾಯರ್‌ನ ಕತ್ತಿನ ಮೇಲಿತ್ತು. ನನ್ನದೂ. ಅವನ ಬಾಯಿ ತೆರೆಯಿತು. ಕುಳ್ಳ ಬೆಂಚಿನ ಅಂಚು ಹಿಡಿದುಕೊಂಡ.

"ಹೆಸರು ನಾನು ಹೇಳಲ್ಲ ಸರ್."

"ಹೆಸರಿಲ್ಲ ಅಂದ್ರೆ ದೂರೂ ಇಲ್ಲ" ಎಂದು ಅಧಿಕಾರಿ ಪೆನ್ನು ಜೇಬಿಗೆ ಸಿಕ್ಕಿಸಿದರು.

ಕುಳ್ಳ ಎದ್ದ. ಎದ್ದದ್ದು ಅವನಿಗೇ ಗೊತ್ತಾಗಲಿಲ್ಲವೇನೋ.

"ನನಗೇ ಸರ್ ತೊಂದರೆ. ನಿಮ್ಮ ಡ್ರೈವರ್ ನಮ್ಮ ಮುಖ ನೋಡಿ ಜೋರಾಗಿ ಹೋಗ್ತಾನೆ. ಅಡ್ಡ ನಿಂತ್ರೆ ಅದಕ್ಕೂ ಕೇಸ್ ಹಾಕ್ತಾರೆ ಅಂತ ನಾವು ನಿಲ್ಲಲ್ಲ. ಇನ್ನೊಂದು ಸಲ ತಡ ಆದ್ರೆ ನಾನು ಒಳಗೆ. ಹೋದ್ರೆ ನಿಮ್ಮ ಬಸ್ಸಿಂದಾನೇ ಹೋದೆ ಅಂತ ಬರ್ಕೊಳ್ಳಿ."

ಯಾರೋ ಕೆಮ್ಮಿದರು. ಮುಂದಿನ ಸಾಲಿನ ಹೆಂಗಸು, ಆ ಡ್ರೈವರ್ ನನಗೂ ಬಸ್ಸು ನಿಲ್ಲಿಸುವುದಿಲ್ಲ, ಮುದುಕಿ ಹತ್ತುವುದು ನಿಧಾನ ಅಂತ ಬಿಟ್ಟು ಹೋಗುತ್ತಾನೆ ಎಂದರು. ಚೀಲ ಮಾತ್ರ ಮಡಿಲಿನಲ್ಲೇ ಇತ್ತು. ಅಧಿಕಾರಿಯ ಪೆನ್ನು ಮತ್ತೆ ಹೊರಗೆ ಬಂತು.

ವಾಪಸು ಬರುವಾಗ, ಅಷ್ಟು ಧೈರ್ಯ ಎಲ್ಲಿಂದ ಬಂತೋ ಎಂದು ಕುಳ್ಳನನ್ನು ಕೇಳಿದೆ.

"ಧೈರ್ಯ ಎಲ್ಲಿ ತಾತ. ಇವನು ಯಾವಾಗ ಬಾಯಿ ಬಿಡ್ತಾನೋ ಅಂತ ಕಾಯೋದಕ್ಕಿಂತ ನಾನೇ ಹೇಳೋದು ವಾಸಿ ಅನ್ನಿಸ್ತು."

ಪಕ್ಕದಲ್ಲೇ ಇದ್ದ ಲಾಯರ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಮಾರನೆಯ ದಿನವೂ ಬಸ್ಸು ನಿಲ್ಲಲಿಲ್ಲ. ಯಜಮಾನರು ಬೇಗ ಬಿಟ್ಟಿದ್ದರಿಂದ ಕುಳ್ಳ ಓಡಿ ಠಾಣೆ ಸೇರಿದ. ನೋಡಿದಿರಾ, ಹೆಸರು ಬರೆದುಕೊಂಡರು, ಬಸ್ಸು ಕೊಡಲಿಲ್ಲ ಎಂದು ಹುಡುಗರು ಗೊಣಗಿದರು. ಅದರ ಮರುದಿನ ಸಂಜೆ ಬಸ್ಸು ಬಂದು ಗೇಟಿನ ಎದುರೇ ನಿಂತಿತು. ಯಾರೂ ಹತ್ತಲಿಲ್ಲ. ಒಳಗೆ ಪೊಲೀಸರು ಕುಳಿತಿದ್ದಾರೋ ಎಂದು ಕಿಟಕಿ ಕಿಟಕಿ ಇಣುಕಿದರು.

"ಹತ್ತುತ್ತೀರೋ, ಫೋಟೋ ತೆಗೀತೀರೋ?" ಎಂದ ಕಂಡಕ್ಟರ್.

ಲಾಯರ್ ಕುಳ್ಳನ ಬೆನ್ನಿಗೆ ಕೈ ಕೊಟ್ಟು ಒಳಗೆ ತಳ್ಳಿದ.

ಬೆಳಿಗ್ಗೆ ಕುಳ್ಳ ಬರುವವರೆಗೆ ನನಗೆ ಕೆಲಸ ಸಾಗಲಿಲ್ಲ. ಬಂದ, ಮುಖ ಊದಿಸಿಕೊಂಡೇ ಬಂದ. ತಡವಾಯಿತೇ ಎಂದು ಕೇಳಿದೆ.

"ಇಲ್ಲ ತಾತ, ಹೊತ್ತಿಗೆ ಮುಂಚೆಯೇ ಹೋದೆ. ಪೇದೆ ಗಡಿಯಾರ ನೋಡಿದ, ನನ್ನ ನೋಡಿದ. ಇಷ್ಟು ಬೇಗ ಯಾಕೆ ಬಂದೆ, ಏನು ಮಾಡಿ ಬಂದೆ ಅಂತ ಅರ್ಧ ಗಂಟೆ ಕೂರಿಸ್ಕೊಂಡ."

"ನೀನೇನಂದೆ?"

"ಸಭೆಯಲ್ಲಿ ಮಾತಾಡಿ ಬಸ್ ನಿಲ್ಲಿಸಿದ್ವಿ ಅಂದೆ. ಅದಕ್ಕೆ ಅವನಿಗೆ ಇನ್ನೂ ಅನುಮಾನ ಜಾಸ್ತಿ ಆಯ್ತು."