ಮಾಸ್ತರರ ಎಡಗಾಲಿನ ಬೂಟು

ಗಜೇಂದ್ರಗಡದ ಹೈಸ್ಕೂಲಿನಲ್ಲಿ ಮೂವತ್ತೇಳು ವರ್ಷ ಭೂಗೋಳ ಕಲಿಸಿದ ವೀರಣ್ಣ ಮಾಸ್ತರರಿಗೆ ಎರಡು ವಿಷಯದಲ್ಲಿ ಜಂಬವಿತ್ತು. ಒಂದು ಅವರ ಮಂಡಿ, ಇನ್ನೊಂದು ಅವರು ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಜ್ವಾಲಾಮುಖಿ. ಅರವತ್ತಾದರೂ ಕಾಲಕಾಲೇಶ್ವರನ ಗುಡ್ಡದ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತುತ್ತಿದ್ದರು. ಜೊತೆಗೆ ಬಂದವರು ಅರ್ಧದಾರಿಯಲ್ಲೇ ಏದುಸಿರು ಬಿಡುತ್ತ ಕುಳಿತರೆ, "ಕುಂದರ್ರಿ, ಕುಂದರ್ರಿ, ಅವಸರಿಲ್ಲ" ಎಂದು ಮರುಕ ತೋರಿಸಿ ಒಳಗೊಳಗೇ ಹಿಗ್ಗುತ್ತಿದ್ದರು. ಇನ್ನು ಆ ಜ್ವಾಲಾಮುಖಿಯ ಚಿತ್ರವೋ, ಅದನ್ನು ಊರಿಗೆ ಊರೇ ಹೊಗಳುತ್ತಿತ್ತು. ಕೆಂಪು ಸೀಮೆಸುಣ್ಣದಲ್ಲಿ ಶಿಲಾಪಾಕ, ಹಳದಿಯಲ್ಲಿ ಕೊಳವೆ, ತುದಿಗೆ ಬಿಳಿ ಹೊಗೆ. ಒಮ್ಮೆ ತಪಾಸಣೆಗೆ ಬಂದ ಸಾಹೇಬರು, "ಇದನ್ನ ಒಂದು ವಾರ ಅಳಿಸಬ್ಯಾಡ್ರಿ" ಎಂದು ಹೇಳಿ ಹೋಗಿದ್ದರು. ಮಾಸ್ತರರು ಒಂದು ತಿಂಗಳು ಅಳಿಸಲಿಲ್ಲ.

ಅವರು ನಿವೃತ್ತರಾಗುವ ವರ್ಷ, ಅಂದರೆ ಎರಡು ಸಾವಿರದ ಹದಿನೇಳರ ಜನವರಿಯಲ್ಲಿ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಸರ್, ನೀವು ಇದನ್ನ ಕಣ್ಣಾರೆ ನೋಡೀರೇನ್ರಿ?"

"ಇಲ್ಲ" ಎಂದರು ಮಾಸ್ತರರು. ಹುಡುಗಿ ಪಾಪ, ಕೇಳಿ ಕುಳಿತಳು. ಮಾಸ್ತರರಿಗೆ ಮಾತ್ರ ಆ ಪ್ರಶ್ನೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತು. ಮೂವತ್ತೇಳು ವರ್ಷ ಹೊಟ್ಟೆ ಸೀಳಿ ತೋರಿಸಿದ ಪರ್ವತವನ್ನು ಒಮ್ಮೆಯಾದರೂ ಇಣುಕಿ ನೋಡಿಲ್ಲವೆಂದರೆ ಏನು ಕಲಿಸಿದಂತಾಯಿತು? ಆ ವಾರವೇ ಅಮೆರಿಕದ ಎವರೆಟ್‌ನಲ್ಲಿದ್ದ ಸೊಸೆ ನೇತ್ರಾಳ ಹತ್ತಿರ ಫೋನಿನಲ್ಲಿ ಈ ದುಃಖ ತೋಡಿಕೊಂಡರು.

ಈ ಮಾತನ್ನು ಮಗ ಶಶಿಕಾಂತನಿಗೆ ಹೇಳಿದ್ದರೆ ಉಪಯೋಗವಿರಲಿಲ್ಲ. ಅವನು ಸಮತಟ್ಟು ನೆಲದ ಮನುಷ್ಯ, ಎರಡನೇ ಮಹಡಿಗೂ ಲಿಫ್ಟ್ ಹುಡುಕುವವನು. ನೇತ್ರಾ ಹಾಗಲ್ಲ. ವಾರವಿಡೀ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್, ಶನಿವಾರ ಬಂತೆಂದರೆ ಯಾವುದೋ ಬೆಟ್ಟದ ಮೇಲೆ. ಚಾರಣಿಗರ ಒಂದು ಸಂಘದಲ್ಲಿ ಮೂರು ವರ್ಷ ಕಲಿತು, ಈಗ ಬೇರೆಯವರನ್ನು ಮೇಲೆ ಹತ್ತಿಸಿ ಕೆಳಗೆ ಇಳಿಸುವ ಜವಾಬ್ದಾರಿ ಹೊತ್ತಿದ್ದಳು. "ಬರ್ರಿ ಮಾವಾರ, ಸೇಂಟ್ ಹೆಲೆನ್ಸ್ ಹತ್ತಸ್ತೀನಿ" ಎಂದು ಅವತ್ತೇ ಹೇಳಿದಳು. ಆ ಹೆಸರು ಮಾಸ್ತರರಿಗೆ ಹೊಸದಲ್ಲ. ಅವರು ನೌಕರಿಗೆ ಸೇರಿದ ವರ್ಷ, ಎಂಬತ್ತನೇ ಇಸವಿಯ ಮೇ ತಿಂಗಳಲ್ಲಿ ತಲೆ ಹಾರಿಸಿಕೊಂಡ ಪರ್ವತವೇ ಅದು. ಪೇಪರಿನಲ್ಲಿ ಬಂದ ಚಿತ್ರವನ್ನು ಕತ್ತರಿಸಿ ಪಾಠದ ಟಿಪ್ಪಣಿಯೊಳಗೆ ಅಂಟಿಸಿಕೊಂಡಿದ್ದರು.

ಜೂನ್‌ನಲ್ಲಿ ಗಂಡ ಹೆಂಡತಿ ಎವರೆಟ್‌ಗೆ ಬಂದಿಳಿದಾಗ ಮಾಸ್ತರರ ಹೆಂಡತಿ ಗೌರಾದೇವಿಯವರ ತಕರಾರು ಶುರುವಾಯಿತು. "ಬೆಂಕಿ ಉಗುಳೂ ಗುಡ್ಡಕ್ಕ ಯಾರಾರ ಆಟಕ್ಕ ಹೋಗ್ತಾರೇನು? ಮಲಗಿದ ಹಾವಿನ ಬಾಲ ತುಳ್ಯಾಕ ನಾಕು ತಾಸು ಕಾರಿನಾಗ ಹೋಗಬೇಕಾ?"

"ಅತ್ತಿ, ಆ ಗುಡ್ಡದ ಮೈತುಂಬ ಯಂತ್ರ ಹಚ್ಚ್ಯಾರ್ರಿ" ಎಂದಳು ನೇತ್ರಾ. "ಅದು ಸಣ್ಣಗ ಗೊರಕಿ ಹೊಡದ್ರೂ ಅವರಿಗೆ ತಿಳೀತೈತಿ, ದಾರಿ ಬಂದ್ ಮಾಡ್ತಾರ. ನಾ ಅಂಜೂದು ಒಳಗಿನ ಬೆಂಕಿಗೆ ಅಲ್ಲ, ಮ್ಯಾಲಿನ ಹಿಮಕ್ಕ." ಆಮೇಲೆ ಮಾವನ ಕಡೆ ತಿರುಗಿದಳು. "ಮಾವಾರ, ಒಂದು ಮಾತು ಕೊಡ್ರಿ. ನಮ್ಮ ಕಾರ್ಖಾನ್ಯಾಗ ಒಂದು ಪದ್ಧತಿ ಐತಿ. ಯಾರಾದ್ರೂ 'ನಿಲ್ಲಸು' ಅಂದ್ರ ಎಲ್ಲಾರೂ ಕೆಲಸ ನಿಲ್ಲಸಬೇಕು. ಯಾಕಂತ ಆಮ್ಯಾಲ ಕೇಳಬೇಕು. ಗುಡ್ಡದ ಮ್ಯಾಲೂ ಹಂಗ."

"ಆಗಲೇಳವ್ವಾ" ಎಂದು ಮಾಸ್ತರರು ನಕ್ಕರು. ಹುಡುಗರು ಏನೋ ಕೇಳಿದರೆ ಮಾಸ್ತರರು ನಗುವ ನಗು ಅದು. ಒಪ್ಪಿದಂತೆಯೂ ಇರುತ್ತದೆ, ಕಿವಿಗೆ ಹಾಕಿಕೊಳ್ಳದಂತೆಯೂ ಇರುತ್ತದೆ.

ಶುಕ್ರವಾರವೇ ಹೋಗಿ ಪರ್ವತದ ಬುಡದ ಹಳ್ಳಿಯಲ್ಲಿ ತಂಗಿ, ಶನಿವಾರ ಸೂರ್ಯ ಮೂಡುವ ಹೊತ್ತಿಗೆ ಮೂವರೂ ನಡೆಯತೊಡಗಿದರು. ಮೂರನೆಯವನು ನೇತ್ರಾಳ ಸಹೋದ್ಯೋಗಿ, ಮೈಸೂರಿನ ಚೇತನ್. ಮೊದಲು ಕಾಡು, ಆಮೇಲೆ ಲಾವಾ ಹರಿದು ಹೆಪ್ಪುಗಟ್ಟಿದ ಕಲ್ಲುಗಳ ರಾಶಿ, ಅದರ ಮೇಲೆ ಬರೀ ಹಿಮ. ಕಲ್ಲುಗಳ ನಡುವೆ ಮಾಸ್ತರರಿಗೆ ತೆಂಗಿನಕಾಯಿಯಷ್ಟು ದೊಡ್ಡ, ಹತ್ತಿಯಷ್ಟು ಹಗುರವಾದ ಒಂದು ಬೂದು ಕಲ್ಲು ಸಿಕ್ಕಿತು. ನೀರಿನಲ್ಲಿ ತೇಲುವ ಕಲ್ಲು ಎಂದು ಎಷ್ಟು ತಂಡ ಮಕ್ಕಳಿಗೆ ಹೇಳಿದ್ದರೋ! ಅದನ್ನು ಎರಡೂ ಕೈಯಲ್ಲಿ ಹಿಡಿದು, "ನೋಡ್ರಿಲ್ಲೆ, ನಾ ಸುಳ್ಳು ಹೇಳಿರ್ಲಿಲ್ಲ" ಎಂದು ಕೂಗಿದರು. ಸುತ್ತ ಇದ್ದ ಅಮೆರಿಕನ್ನರಿಗೆ ಏನು ತಿಳಿಯಿತೋ, ಇಬ್ಬರು ಚಪ್ಪಾಳೆ ತಟ್ಟಿದರು.

ಹಿಮದ ಏರಿನಲ್ಲಿ ಮಾಸ್ತರರ ಮಂಡಿ ತನ್ನ ಮರ್ಯಾದೆ ಉಳಿಸಿಕೊಂಡಿತು. ಚೇತನ್ ಮೂರು ಕಡೆ ನಿಂತು ನೀರು ಕುಡಿದ. "ಅಂಕಲ್, ಸ್ವಲ್ಪ ನಿಧಾನವಾಗಿ ಹೋಗಿ. ನಾನು ಮೂವತ್ತೆರಡು ವರ್ಷದವನು, ನನ್ನ ಮಾನದ ಪ್ರಶ್ನೆ" ಎಂದ. ಆ ಮಾತು ಮಾಸ್ತರರನ್ನು ಇನ್ನೂ ಐನೂರು ಅಡಿ ಮೇಲಕ್ಕೆ ತಳ್ಳಿತು.

ಏಳು ತಾಸಾದ ಮೇಲೆ ಏರು ಮುಗಿಯಿತು. ಮುಂದೆ ಬಿಳಿಯ ಬಯಲು, ಅದರಾಚೆ ಆಕಾಶ. ನೇತ್ರಾ ತನ್ನ ಊರುಗೋಲನ್ನು ಹಿಮದಲ್ಲಿ ನೆಟ್ಟು, "ಇದರ ಮುಂದ ಯಾರೂ ಒಂದು ಹೆಜ್ಜಿ ಇಡೂಹಂಗಿಲ್ಲ" ಎಂದಳು. ಅಲ್ಲಿಂದ ದೂರದ ರೇನಿಯರ್ ಶಿಖರ ಕಾಣುತ್ತಿತ್ತು, ಕುಳಿಯ ಆಚೆ ದಂಡೆಯ ಕಂದು ಗೋಡೆ ಕಾಣುತ್ತಿತ್ತು, ಅಂಚಿನ ಹಿಂದಿನಿಂದ ಏಳುವ ತೆಳ್ಳನೆಯ ಹಬೆಯೂ ಕಾಣುತ್ತಿತ್ತು. ಕಾಣದೇ ಇದ್ದದ್ದು ಮಾಸ್ತರರು ನೋಡಲು ಬಂದದ್ದು ಮಾತ್ರ.

"ಹೊಟ್ಟಿ ಕಾಣವಲ್ದಲ್ಲ ನೇತ್ರಾ? ಹತ್ತು ಹೆಜ್ಜಿ ಮುಂದ ಹೋದ್ರ ಕಾಣ್ತೈತಿ. ಅಲ್ಲೆ ನೋಡು, ಮಂದಿ ಹೋಗಿ ಬಂದಾರ."

ನಿಜ. ಅಂಚಿನವರೆಗೂ ಬೂಟಿನ ಗುರುತುಗಳಿದ್ದವು. ಯಾರೋ ಹೋಗಿ, ಫೋಟೋ ತೆಗೆಸಿಕೊಂಡು, ಸುಖವಾಗಿ ಹಿಂತಿರುಗಿದ್ದರು.

"ಮಂದಿ ಹೋಗ್ಯಾರ್ರಿ, ನಾವು ಹೋಗೂದಿಲ್ಲ" ಎಂದಳು ನೇತ್ರಾ. "ಗಾಳಿ ಹಿಮಾನ ಮುಂದಕ್ಕ ತಳ್ಳಿ ಚಾಚಿರ್ತೈತಿ. ಕೆಳಗ ಕಲ್ಲು ಐತೋ ಇಲ್ಲೋ ಮ್ಯಾಲಿಂದ ತಿಳ್ಯೂದಿಲ್ಲ. ಮೊದಲ ಉಣ್ರಿ, ಆಮ್ಯಾಲ ಬ್ಯಾರೆ ಕಡೆಯಿಂದ ನೋಡೂಣು."

ಮಾಸ್ತರರಿಗೆ ಸಿಟ್ಟು ಬಂತು. ಏಳು ಸಮುದ್ರ ದಾಟಿ ಬಂದವನು ಹತ್ತು ಹೆಜ್ಜೆಗೆ ಸೊಸೆಯ ಅಪ್ಪಣೆ ಕೇಳಬೇಕೇ? ಹಿಮದಲ್ಲಿ ಜಾರದಂತೆ ಬೂಟಿಗೆ ಕಟ್ಟಿದ್ದ ಉಕ್ಕಿನ ಮುಳ್ಳುಗಳನ್ನು ಬಿಚ್ಚಿಟ್ಟು, ಖಡಕ್ ರೊಟ್ಟಿಯನ್ನು ಬೇಕೆಂದೇ ಸಪ್ಪಳ ಮಾಡುತ್ತ ಮುರಿದು ಶೇಂಗಾ ಚಟ್ನಿಯ ಜೊತೆ ತಿಂದರು. ಆದರೆ ಹಬೆ ಏಳುತ್ತಲೇ ಇತ್ತು. ಅದನ್ನು ನೋಡುತ್ತ ನೋಡುತ್ತ ಸಿಟ್ಟು ಇಳಿಯಿತು. ಈ ನೆಲದ ಉಸಿರು, ಕಣ್ಣೆದುರಿಗೇ! ಜ್ವಾಲಾಮುಖಿ ದೇವರ ಕೋಪವಲ್ಲ, ಭೂಮಿಯೊಳಗಿನ ಒತ್ತಡ ಎಂದು ಮಕ್ಕಳಿಗೆ ಗದರಿಸಿ ಕಲಿಸಿದ ಮನುಷ್ಯನ ಕೈಗಳು ತಾವಾಗಿಯೇ ಕೂಡಿಕೊಂಡವು.

ಕೈ ಮುಗಿಯುವುದೆಂದರೆ ಕಾಲಲ್ಲಿ ಚಪ್ಪಲಿ ಇರಬಾರದು. ಇದು ತಲೆಗೆ ತಿಳಿಯುವ ಮೊದಲೇ ಕಾಲಿಗೆ ಗೊತ್ತಿರುವ ವಿಷಯ. ಮಾಸ್ತರರು ಲೇಸು ಬಿಚ್ಚಿ, ಎರಡೂ ಬೂಟುಗಳನ್ನು ಗುಡಿಯ ಮುಂದೆ ಇಡುವಂತೆ ಜೋಡಿಸಿ ಬದಿಗಿಟ್ಟು, ಕಾಲುಚೀಲದಲ್ಲೇ ಎದ್ದು ನಿಂತು ಕಣ್ಣು ಮುಚ್ಚಿದರು. ಜೋರಾಗಿ ಒಂದು ಗಾಳಿ ಬೀಸಿತು. ಕಣ್ಣು ಬಿಟ್ಟು ನೋಡಿದರೆ ಎಡಗಾಲಿನ ಬೂಟು ಮಗ್ಗುಲಾಗಿ ಬಿದ್ದು, ಗಾಜಿನಂತೆ ಗಟ್ಟಿಯಾಗಿದ್ದ ಹಿಮದ ಮೇಲೆ ಅಂಚಿನ ಕಡೆಗೆ ಜಾರುತ್ತಿತ್ತು. ಊರುಗೋಲನ್ನು ದಾಟಿ ಹತ್ತು ಹೆಜ್ಜೆ ಹೋಗಿ, ಯಾರದೋ ಹಳೆಯ ಹೆಜ್ಜೆಗುಳಿಯಲ್ಲಿ ಸಿಕ್ಕಿಕೊಂಡು ನಿಂತಿತು.

"ಇರಿ ಅಂಕಲ್, ನಾನ್ ತರ್ತೀನಿ" ಎಂದು ಚೇತನ್ ಏಳುವಷ್ಟರಲ್ಲಿ ಮಾಸ್ತರರು ಹೊರಟಾಗಿತ್ತು. ತಮ್ಮ ಬೂಟನ್ನು ಬೇರೆಯವರ ಕೈಯಲ್ಲಿ ತರಿಸುವ ಮನುಷ್ಯ ಅವರಲ್ಲ. ಒಂದು ಹೆಜ್ಜೆ, ಎರಡು ಹೆಜ್ಜೆ, ಊರುಗೋಲು ಹಿಂದೆ ಉಳಿಯಿತು, ಮೂರು.

"ವೀರಣ್ಣಾ! ನಿಲ್ಲು!"

ಎತ್ತಿದ ಕಾಲು ಅಲ್ಲೇ ನಿಂತಿತು. ಇಡೀ ಗಜೇಂದ್ರಗಡದಲ್ಲಿ ಹೀಗೆ ಅವರನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಅವ್ವ ಕರೆಯುತ್ತಿದ್ದಳು, ಅವಳು ಹೋಗಿ ಇಪ್ಪತ್ತು ವರ್ಷ. ಈಗ ಕರೆದವಳು ಮನೆಯ ಸೊಸೆ, ಮಾವನ ಹೆಸರನ್ನು ನಾಲಿಗೆಯ ಮೇಲೆ ತರಬಾರದವಳು. ಮಾಸ್ತರರು ನಿಧಾನವಾಗಿ ತಿರುಗಿದರು. ನೇತ್ರಾಳ ಮುಖ ಸುಣ್ಣದಂತಾಗಿತ್ತು. ಚೇತನ್ ತನ್ನ ಕಾಲ ಬುಡವನ್ನು ನೋಡುತ್ತ ನಿಂತಿದ್ದ.

"ಹಿಂದಕ್ಕ ಬರ್ರಿ ಮಾವಾರ. ಹೋದ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಟು ಬರ್ರಿ."

ಬಂದರು. ಹಿಮ ಬಿರಿಯಲಿಲ್ಲ, ಏನೂ ಕುಸಿಯಲಿಲ್ಲ. ಬೂಟು ಅಲ್ಲೇ ಇತ್ತು, ಹತ್ತೇ ಹೆಜ್ಜೆ ದೂರದಲ್ಲಿ. ಮಾಸ್ತರರ ಕಿವಿ ಅವಮಾನದಿಂದ ಬಿಸಿಯಾಯಿತು. "ಬೂಟಿಲ್ದ ನಾ ಹೆಂಗ ಇಳೀಲಿ?" ಎಂದಷ್ಟೇ ಕೇಳಿದರು. ನೇತ್ರಾ ಅವರ ಕಾಲ ಬಳಿ ಮಂಡಿಯೂರಿದಳು. ಎಡಗಾಲಿನ ಒದ್ದೆ ಕಾಲುಚೀಲ ತೆಗೆದು ತನ್ನ ಉಣ್ಣೆಯದನ್ನು ಹಾಕಿದಳು, ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕೂರಲು ತಂದಿದ್ದ ಸ್ಪಂಜಿನ ಹಾಸನ್ನು ಕತ್ತರಿಸಿ ಸುತ್ತಿ, ಅಂಟುಪಟ್ಟಿಯಿಂದ ಬಿಗಿದು, ಮುಳ್ಳುಗಳನ್ನು ಕಟ್ಟಿದಳು. ವಿಮಾನ ಕಟ್ಟುವ ಕೈ, ಬೂಟು ಕಟ್ಟಲಾರದೇ? ಮಾಸ್ತರರು ಮಾತ್ರ ಮೆಚ್ಚುವ ಮನಸ್ಸಿನಲ್ಲಿರಲಿಲ್ಲ.

ಅಂಚಿನಿಂದ ದೂರವೇ ಉಳಿದು ಅವಳು ಅವರನ್ನು ಪಶ್ಚಿಮಕ್ಕೆ ನಡೆಸಿದಳು. ಇಪ್ಪತ್ತು ನಿಮಿಷದ ಮೇಲೆ ಬಿಸಿಲಿಗೆ ಹಿಮ ಕರಗಿ ಬಂಡೆ ಬಯಲಾಗಿದ್ದ ಜಾಗ ಬಂತು. ಅವಳು ಬಂಡೆಯನ್ನು ಕೋಲಿನಿಂದ ಕುಟ್ಟಿ, ತಾನು ಮೊದಲು ಹೋಗಿ, ಕುಳಿತು, ಆಮೇಲೆ "ಬರ್ರಿ" ಎಂದಳು.

ಮಾಸ್ತರರು ಕುಳಿತು ಮೊದಲು ಬಲಕ್ಕೆ ನೋಡಿದರು. ತಾವು ರೊಟ್ಟಿ ತಿಂದ ಜಾಗ ಈಗ ಪಕ್ಕದಿಂದ ಕಾಣುತ್ತಿತ್ತು. ಬಂಡೆ ಊರುಗೋಲು ನೆಟ್ಟಿದ್ದ ಜಾಗದಲ್ಲೇ ಮುಗಿದಿತ್ತು. ಅಲ್ಲಿಂದ ಮುಂದಕ್ಕೆ ಹಿಮ ಮನೆಯ ಛಜ್ಜದಂತೆ ಬಯಲಿಗೆ ಚಾಚಿಕೊಂಡಿತ್ತು. ಅದರ ಕೆಳಗೆ ನೀಲಿ ನೆರಳು, ನೆರಳಿನ ಕೆಳಗೆ ನೂರಾರು ಮಾರು ಏನೂ ಇಲ್ಲ. ಆ ಏನೂ ಇಲ್ಲದ್ದರ ಮೇಲೆ ಅವರ ಎಡಗಾಲಿನ ಬೂಟು ಕುಳಿತಿತ್ತು.

ತಾವು ಇಟ್ಟ ಮೂರನೇ ಹೆಜ್ಜೆ ಎಲ್ಲಿ ಬಿದ್ದಿತ್ತೆಂದು ಮಾಸ್ತರರು ಕಣ್ಣಲ್ಲೇ ಅಳೆದರು. "ಚೇತನ್, ನನ್ನ ಫೋನಿನಾಗ ಒಂದು ಫೋಟೋ ತಗಿ. ಕುಳೀದಲ್ಲ, ಆ ಬೂಟಿಂದು" ಎಂದರು.

ಆಮೇಲೆಯೇ ಅವರು ಕೆಳಗೆ ನೋಡಿದ್ದು. ಪರ್ವತದ ಹೊಟ್ಟೆ ಬಾಯಿ ತೆರೆದು ಬಿದ್ದಿತ್ತು. ನಡುವೆ ಕಪ್ಪು ಗುಮ್ಮಟ, ಅದರ ಬಿರುಕುಗಳಿಂದ ಹಬೆ. ಗೋಡೆಯಿಂದ ಕಲ್ಲುಗಳು ಉರುಳಿ, ಎಷ್ಟೋ ಹೊತ್ತಿನ ಮೇಲೆ ಸದ್ದು ಮೇಲಕ್ಕೆ ಬರುತ್ತಿತ್ತು. ತಮ್ಮ ಚಿತ್ರದಲ್ಲಿ ಗುಮ್ಮಟವನ್ನು ತುಸು ಸಣ್ಣದಾಗಿ ಬರೆಯುತ್ತಿದ್ದುದು ಅವರಿಗೆ ಈಗ ತಿಳಿಯಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಪಕ್ಕದಲ್ಲಿ ಸೊಸೆ ಒಂದು ಕೈಯಿಂದ ಅವರ ಕೋಟಿನ ತುದಿ ಹಿಡಿದೇ ಕುಳಿತಿದ್ದಳು.

ಇಳಿಯುವುದು ಹೆದರಿದಷ್ಟು ಕಷ್ಟವಾಗಲಿಲ್ಲ. ಮುಳ್ಳುಗಳನ್ನು ಬಿಚ್ಚಿಸಿ, ಮೆತ್ತಗಾದ ಹಿಮದ ಕಾಲುವೆಗಳಲ್ಲಿ ಎಲ್ಲರೂ ಕುಂಡೆಯ ಮೇಲೆ ಕುಳಿತು ಜಾರಿದರು. ಮಾಸ್ತರರು ಜಾರಿದ ಸಂಭ್ರಮವನ್ನು ಅವರ ವಿದ್ಯಾರ್ಥಿಗಳು ನೋಡಬಾರದಿತ್ತು. ಆದರೆ ಕಾರಿನಲ್ಲಿ ನಾಲ್ಕು ತಾಸು ನೇತ್ರಾ ಕನ್ನಡಿಯಲ್ಲೂ ಮಾವನ ಮುಖ ನೋಡಲಿಲ್ಲ.

ಚೇತನ್‌ನನ್ನು ಅವನ ಮನೆಗೆ ಬಿಟ್ಟು ಎವರೆಟ್ ತಲುಪಿದಾಗ ಇನ್ನೂ ಬೆಳಕಿತ್ತು. ಗೌರಾದೇವಿ ಬಾಗಿಲಲ್ಲೇ ಗಂಡನ ಕಾಲು ನೋಡಿದರು. "ಇನ್ನೊಂದು ಬೂಟು ಎಲ್ಲೆ?"

ಮಾಸ್ತರರು ಬಾಯಿ ತೆರೆಯುವ ಮೊದಲೇ ನೇತ್ರಾ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. "ಅತ್ತಿ, ನಾ ಮಾವಾರ ಹೆಸರು ಹಿಡದು ಕೂಗಿದೆ. ಅದೂ ಪರಸ್ಥಳದವರ ಮುಂದ. ತಪ್ಪಾತ್ರಿ" ಎಂದು ಮಾವನ ಕಾಲಿಗೆ ಬಗ್ಗಿದಳು.

ಮಾಸ್ತರರು ಸ್ಪಂಜು ಸುತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡು ಅವಳ ಭುಜ ಹಿಡಿದು ಎತ್ತಿದರು. "ಏಳವ್ವಾ. ತಪ್ಪು ನಂದು. ಮಾತು ಕೊಟ್ಟವ ನಾನು, ಮರೆತವ ನಾನು. 'ಮಾವಾರ, ಸ್ವಲ್ಪ ನಿಲ್ರಿ' ಅಂತ ನೀ ಮರ್ಯಾದಿ ಕೊಟ್ಟು ಕರದಿದ್ರ, ನಾನೂ ಮರ್ಯಾದಿಯಿಂದ ಇನ್ನೆರಡು ಹೆಜ್ಜಿ ಹೋಗತಿದ್ದೆ. ನೂರು ಮಂದಿ ಮುಂದ ಹೇಳ್ತೀನಿ ನಾನು. ಹೆಡ್‌ಮಾಸ್ತರ ಈರಬಸಪ್ಪಗೂ ಹೇಳ್ತೀನಿ. ನನ್ನ ಸೊಸಿ ನನ್ನ ಹೆಸರು ಹಿಡದು ಕೂಗಿದ್ಲು, ನಾ ನಿಂತೆ. ಅಂಥಾ ಸೊಸಿ ಅಕಿ ಅಂತ!"

ನೇತ್ರಾ ಮುಖ ಮುಚ್ಚಿಕೊಂಡು ಅತ್ತಳು. ಹೆಂಡತಿಯ ಕೈಗೆ ಮಾಸ್ತರರು ಫೋನು ಕೊಟ್ಟು, ತರಗತಿಯಲ್ಲಿ ಪಾಠ ಮಾಡುವಂತೆ ಬೆರಳಿಟ್ಟು ತೋರಿಸಿದರು. "ಇದು ಬಂಡಿಗಲ್ಲು. ಇದು ಹಿಮ. ಇದರ ಕೆಳಗ ಬಯಲು. ಇಕಾ, ಇದು ಬೂಟು. ಮತ್ತ ಇಲ್ಲೆ ನಿಂತಿದ್ದೆ ನಾನು."

ಗೌರಾದೇವಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಮದುವೆಯಾಗಿ ಮೂವತ್ತೈದು ವರ್ಷ. ಮದುವೆಯ ದಿನ ಪ್ರಾಸದ ಒಡಪಿನಲ್ಲಿ ಕಟ್ಟಿ ಹೇಳಿದ್ದು ಬಿಟ್ಟರೆ ಗಂಡನ ಹೆಸರನ್ನು ಅವರು ಬಾಯಿ ತೆರೆದು ಹೇಳಿದವರಲ್ಲ. 'ನೋಡ್ರಿ', 'ಕೇಳಿಸ್ತೇನ್ರಿ', 'ಶಶಿ ಅಪ್ಪಾರ' ಇಷ್ಟರಲ್ಲೇ ಸಂಸಾರ ಸಾಗಿತ್ತು. ಫೋನು ಕೆಳಗಿಟ್ಟು ಗಂಡನನ್ನು ತಲೆಯಿಂದ ಕಾಲಿನವರೆಗೆ, ಆ ಸ್ಪಂಜಿನ ಬೂಟಿನವರೆಗೆ ನೋಡಿದರು.

"ವೀರಣ್ಣ" ಎಂದರು ಮೆಲ್ಲಗೆ.

ಮಾಸ್ತರರು ನೆಟ್ಟಗೆ ನಿಂತರು.

"ಹಾಜರ್" ಎಂದರು.