ಗೊಂಚಲು ಮೇಷ್ಟ್ರು

ಗೊಂಚಲು ಮೇಷ್ಟ್ರ ಕೋಟಿನಲ್ಲಿ ಗುಂಡಿಗಳೆಲ್ಲ ಸರಿಯಾಗಿ ಇದ್ದದ್ದನ್ನು ನಾನು ಕಂಡವನಲ್ಲ. ಯಾರಾದರೂ ದಾಕ್ಷಿಣ್ಯಕ್ಕೆ "ಏನ್ ಸಾರ್, ಹೇಗಿದೆ ಸಂಶೋಧನೆ?" ಎಂದರೆ ಸಾಕು, ಮಹಾನುಭಾವರು ಅಲ್ಲೇ ಗುಂಡಿಗಳನ್ನು ಕಿತ್ತು ಕ್ಯಾಂಟೀನಿನ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಪರಮಾಣುವಿನ ಒಡಲನ್ನು ವರ್ಣಿಸಲು ತೊಡಗುತ್ತಿದ್ದರು, ಕೇಳಿದವನು ಚಹಾ ಮುಗಿಸಿ ಮೆಲ್ಲಗೆ ಜಾಗ ಖಾಲಿ ಮಾಡಿದ ಮೇಲೂ ವರ್ಣನೆ ನಿಲ್ಲುತ್ತಿರಲಿಲ್ಲ.

ನಾನು ಅವರದೇ ಕಾಲೇಜಿನಲ್ಲಿ, ಅದೇ ಕಾರಿಡಾರಿನಲ್ಲಿ ವ್ಯಾಕರಣ ಕಲಿಸಿಕೊಂಡಿದ್ದವನು. ಗಣಿತ ಕಂಡರೆ ಮಾರುದೂರ. ಆದರೂ ಕೇಳಿ ಕೇಳಿ ನನಗೆ ದಕ್ಕಿದ್ದಿಷ್ಟು: ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿಗೆ ಶಕ್ತಿ ತುಂಬಿ ಕೆರಳಿಸಿದರೆ, ಒತ್ತೊತ್ತಾಗಿದ್ದ ಕಣಗಳು ಕೆಲವೊಮ್ಮೆ ಪುಟ್ಟ ಪುಟ್ಟ ಗೊಂಚಲುಗಳಾಗಿ ಬಿಡಿಸಿಕೊಂಡು ನಿಲ್ಲುತ್ತವೆ. ಒಂದು ಹಗುರ ಧಾತುವಿನಲ್ಲಿ ಅಂಥ ಒಂದು ವಿಶಿಷ್ಟ ಸ್ಥಿತಿಯಿದೆ, ಯಾರೂ ಕಾಣದ್ದು, ಎಂದು ಮೇಷ್ಟ್ರು ಕಾಗದದ ಮೇಲೆಯೇ ಕಂಡುಕೊಂಡಿದ್ದರು. ಮದುವೆಯಾಗಲಿಲ್ಲ, ಸ್ನೇಹಿತರಿರಲಿಲ್ಲ, ಯೌವನದಿಂದ ನರೆಗೂದಲಿನವರೆಗೆ ಅವರ ಸಂಸಾರವೆಂದರೆ ಅದೊಂದೇ. ಗೋಡೆಗೆ ಭುಜ ತಾಗಿಸಿಕೊಂಡು, ಎದುರಿಗೆ ಬರದೇ ಇರುವ ಯಾರಿಗೋ ದಾರಿ ಬಿಟ್ಟುಕೊಡುವವರಂತೆ ನಡೆಯುತ್ತಿದ್ದರು. "ಊಟ ಆಯ್ತಾ ಮೇಷ್ಟ್ರೇ?" ಎಂದರೆ, "ಹಾಗಂತ ಖಚಿತವಾಗಿ ಹೇಳಕ್ಕಾಗಲ್ಲ" ಎನ್ನುವರು. ನನಗೆ ನಗು, ಮರುಗಳಿಗೆಗೆ ಕನಿಕರ.

ಅವರು ನಿವೃತ್ತರಾಗುವ ವರ್ಷ, ದೂರದ ಪ್ರಯೋಗಾಲಯದಲ್ಲಿದ್ದ ಅವರ ಹಳೆಯ ಶಿಷ್ಯೆ ಆ ಸ್ಥಿತಿಯನ್ನು ಹುಡುಕಲು ಅಲ್ಲಿನ ದೊಡ್ಡ ಯಂತ್ರದಲ್ಲಿ ಕೆಲವು ದಿನಗಳ ಸಮಯವನ್ನು ಹೋರಾಡಿ ಪಡೆದಳು. ಮೇಷ್ಟ್ರು ಹಿಗ್ಗಿಹೋದರು. ಅವಳಿಗೆ ನೆರವಾಗಲೆಂದು ಲೆಕ್ಕವನ್ನು ಮೊದಲಿನಿಂದ ಮಾಡತೊಡಗಿದವರು, ಒಂದು ಮಧ್ಯಾಹ್ನ ನನ್ನ ಬಾಗಿಲಲ್ಲಿ ಬಂದು ನಿಂತರು. ಮುಖದಲ್ಲಿ ಕಳೆಯೇ ಇರಲಿಲ್ಲ.

"ಓಡ್ತಿರೋ ಬಸ್ಸಲ್ಲಿ ಕೂತಿರೋರೆಲ್ಲ ಓಡಾಡ್ತಿದಾರೆ ಅಂತ ಬರ್ಕೊಂಡ್‌ಬಿಟ್ಟಿದೀನಿ" ಎಂದರು.

ಇಡೀ ನ್ಯೂಕ್ಲಿಯಸ್ಸೇ ಒಟ್ಟಾಗಿ ತೂಗುವ ಚಲನೆಯನ್ನು ಲೆಕ್ಕದಿಂದ ಕಳೆಯಬೇಕಂತೆ. ಇಲ್ಲದಿದ್ದರೆ ಅದು ಒಳಗಿನ ತಳಮಳದಂತೆ ವೇಷ ಹಾಕಿಕೊಂಡು ಬರುತ್ತದಂತೆ. ಶಿಷ್ಯರಿಗೆಲ್ಲ ಕಿವಿ ಹಿಂಡಿ ಇದನ್ನು ಕಲಿಸಿದವರೇ, ಹರೆಯದಲ್ಲಿ ಲೆಕ್ಕ ಬೇಗ ಮುಗಿಸಲು ಹಿಡಿದ ಒಂದು ಒಳದಾರಿಯಲ್ಲಿ ಅದನ್ನು ಅರೆಬರೆ ಕಳೆದಿದ್ದರು. ಪೂರ್ತಿ ಕಳೆದಾಗ ಅವರು ಕಂಡುಕೊಂಡಿದ್ದ ಆ ವಿಶಿಷ್ಟ ಸ್ಥಿತಿಯೂ ಹೊರಟುಹೋಯಿತು.

ನನ್ನ ಕೋಣೆಯ ಫೋನಿನಿಂದಲೇ ಶಿಷ್ಯೆಗೆ ತಿಳಿಸಿದರು. ಅವಳು, "ಸರ್, ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಹುಡುಕಿದ್ವಿ, ಸಿಗ್ಲಿಲ್ಲ ಅಂತಿದ್ವಿ, ಅಷ್ಟೇ" ಎಂದದ್ದು ನನಗೂ ಕೇಳಿಸಿತು.

"ಇಲ್ದೇ ಇರೋದನ್ನ ನೀನ್ಯಾಕಮ್ಮ ಹುಡುಕ್ಬೇಕು? ಆ ಸಮಯ ಬೇರೆ ಯಾರಿಗಾದ್ರೂ ಕೊಡ್ಸು" ಎಂದು ಮೇಷ್ಟ್ರು ಫೋನಿಟ್ಟರು.

ಒಬ್ಬರನ್ನೇ ಕಳಿಸಲು ಮನಸ್ಸಾಗದೆ ಮನೆಯವರೆಗೂ ಜೊತೆಗೆ ಹೋದೆ. ಅವರೊಂದಿಗಿದ್ದ ವಯಸ್ಸಾದ ಅಕ್ಕ ಬಟ್ಟೆ ಮಡಿಸುತ್ತಿದ್ದರು.

"ಅಕ್ಕಾ, ಅದು ಇಲ್ಲ ಕಣೇ."

"ಯಾವ್ದೋ?"

"ಇಷ್ಟು ವರ್ಷ ನನ್ಹತ್ರ ಇದ್ದಿದ್ದು."

ಅಕ್ಕ ತಲೆಯೆತ್ತಿ ತಮ್ಮನನ್ನು ನೋಡಿದರು, ನನ್ನನ್ನು ನೋಡಿದರು. "ಹೋಗ್ಲಿ ಬಿಡೋ. ಹಳೇದಾಗಿತ್ತೇನೋ. ಬೇರೆ ತಗೊಂಡ್ರಾಯ್ತು" ಎಂದು ಪ್ರೀತಿಯಿಂದಲೇ ಹೇಳಿ ಮತ್ತೆ ಮಡಿಸತೊಡಗಿದರು. ಮೇಷ್ಟ್ರು ತಲೆಯಾಡಿಸಿ ಕುರ್ಚಿಯಲ್ಲಿ ಕೂತರು. ನಾನು ಬರ್ತೀನಿ ಎಂದು ಎದ್ದುಬಂದೆ.

ಮನೆಯಲ್ಲಿ ಸಾವಾದರೆ ನಾಲ್ಕು ಜನ ಬಂದು ಕೂರುತ್ತಾರೆ, ಕೈ ಹಿಡಿಯುತ್ತಾರೆ, ಹೋದವರ ಗುಣಗಾನ ಮಾಡುತ್ತಾರೆ. ಎಂದೂ ಇರದೇ ಇದ್ದದ್ದನ್ನು ಕಳೆದುಕೊಂಡವನ ಮನೆಗೆ ಯಾರು ಬರುತ್ತಾರೆ, ಬಂದರೂ ಏನೆಂದು ಸಂತೈಸುತ್ತಾರೆ? ಇಂಥವರು ವಿರಳವೇನಲ್ಲ, ಯಾವುದೋ ಕಟ್ಟಡದ ಯಾವುದೋ ಕೊನೆಯ ಕೋಣೆಯಲ್ಲಿ ಕೂತು, ಯಾರೂ ಕೇಳದಿದ್ದರೂ ತಮ್ಮ ತಪ್ಪನ್ನು ತಾವೇ ಹಿಡಿದು, ತಾವೇ ಒಪ್ಪಿಸಿ, ದೀಪ ಆರಿಸಿ ಹೊರಡುತ್ತಾರೆ. ಜಗತ್ತಿಗೆ ಒಂದು ಸುಳ್ಳು ಕಡಿಮೆಯಾಗುತ್ತದೆ. ಅವರಿಗೆ, ಇದ್ದ ಒಂದೇ ಜೊತೆ ತಪ್ಪುತ್ತದೆ.